ಪುಕ್ಕಟೆ ಕೆಲಸಕ್ಕೆ ನಾನು ಹಾಕಿದ ಅರ್ಜಿ

ಮೊದಲೇ ಹೇಳಿಬಿಡುತ್ತೇನೆ, ಫೋನಿನಲ್ಲಿ ಟೈಪು ಮಾಡುವುದು ನನಗೆ ಬರುತ್ತದೆ. ಹಿಂದೂಪುರದ ನಮ್ಮ ಬೀದಿಯಲ್ಲಿ ನನ್ನ ವಯಸ್ಸಿನವರ ಪೈಕಿ ಈ ವಿದ್ಯೆ ಇರುವುದು ನನ್ನೊಬ್ಬಳಿಗೇ. ಕಲಿಸಿದವಳು ಮೊಮ್ಮಗಳು ಶಿರೀಷ. ಮೂಲೆ ಬಿರುಕು ಬಿಟ್ಟ ತನ್ನ ಹಳೇ ಫೋನನ್ನು ನನ್ನ ಕೈಗಿಟ್ಟು, ಬೇಸಿಗೆ ರಜದಲ್ಲಿ ಹದಿನೈದು ದಿನ ಕೂರಿಸಿ ತಿದ್ದಿಸಿದಳು. ಹದಿನಾರನೇ ದಿನ ನಾನು ನಡುಮನೆಯಲ್ಲಿ ಕೂತು, ಅಡುಗೆಮನೆಯಲ್ಲಿದ್ದ ಅವಳಿಗೆ "ಕಾಫಿ ತಾ" ಎಂದು ಬರೆದು ಕಳಿಸಿದೆ. ಕಾಫಿ ಬಂತು! ಇನ್ನು ನನ್ನ ಕೈಲಾಗದ ಕೆಲಸ ಈ ಭೂಮಿಯ ಮೇಲೆ ಯಾವುದೂ ಇಲ್ಲ ಎನ್ನುವ ತೀರ್ಮಾನಕ್ಕೆ ಅವತ್ತೇ ಬಂದುಬಿಟ್ಟೆ.

ಎಲ್ಲ ಕೆಟ್ಟದ್ದು ಆ ತೀರ್ಮಾನದಿಂದಲೇ.

ಶಿರೀಷ ಯೂನಿವರ್ಸಿಟಿಯಲ್ಲಿ ಡಿಗ್ರಿ ಓದುತ್ತಾಳೆ. ಮೊದಲ ವರ್ಷ ಹಾಸ್ಟೆಲಿನಲ್ಲಿದ್ದಳು. ಓದಿನಲ್ಲಿ ಗಟ್ಟಿಗಿತ್ತಿ. ಬಾಯಿ ಮಾತ್ರ ಇಲ್ಲ. ಬಸ್ಸಿನಲ್ಲಿ "ಇಳೀಬೇಕು" ಎಂದರೆ ಕಂಡಕ್ಟರಿಗೆ ಕೇಳಿಸುವುದಿಲ್ಲ, ಎರಡು ಸ್ಟಾಪು ಮುಂದೆ ಹೋಗಿ ಇಳಿದು ನಡೆದುಕೊಂಡು ಬರುತ್ತಾಳೆ. ಅಷ್ಟಕ್ಕೂ ಬಸ್ಸೆಂದರೆ ಅವಳಿಗೆ ಆಗುವುದೇ ಇಲ್ಲ. ಹತ್ತಿದರೆ ವಾಂತಿ. ಇಲ್ಲೇ ಲೇಪಾಕ್ಷಿಗೆ ಹೋಗಿ ಬರುವುದರೊಳಗೆ ಎರಡು ನಿಂಬೆಹಣ್ಣು ಮೂಸಿ ಮುಗಿಸಿರುತ್ತಾಳೆ.

ಇಂಥ ಹುಡುಗಿಗೆ ನನ್ನ ಮಗ ನಾಗರಾಜ ಒಂದು ಶಾಸನ ಹೊರಡಿಸಿದ. ನಾಗರಾಜ ನಮ್ಮ ಮಗ್ಗದ ಸೀರೆ, ಬೀದಿಯವರ ಮಗ್ಗದ ಸೀರೆ ಎಲ್ಲ ಗಂಟು ಕಟ್ಟಿಕೊಂಡು ಅಂಗಡಿಗಳಿಗೆ ಹಾಕಿ ಬರುವವನು.

"ಎರಡ್ನೇ ವರ್ಷ ಹಾಸ್ಟೆಲ್ ಬ್ಯಾಡ ಕಣಮ್ಮ. ದಿನಾ ಬಸ್ಸಲ್ಲಿ ಓಡಾಡು. ಹಾಸ್ಟೆಲ್ಲೇ ಬೇಕು ಅಂದ್ರೆ ಮೆಸ್ಸಿನ ಖರ್ಚು ನೀನೇ ದುಡ್ಕಾ."

ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ವರ್ಷಕ್ಕೆ ಎಷ್ಟು ನಿಂಬೆಹಣ್ಣು ಬೇಕಾದೀತು ಎಂದು ಲೆಕ್ಕ ಹಾಕಿ ನಾನು ಗಾಬರಿಯಾದೆ. ಶಿರೀಷ ಅಳಲಿಲ್ಲ. ನನ್ನ ಪಕ್ಕ ಬಂದು ಕೂತು, ಪಿಸುಮಾತಿನಲ್ಲಿ ಹೇಳಿದಳು.

"ಅಜ್ಜಿ, ನಮ್ ಯೂನಿವರ್ಸಿಟೀಲಿ ಓದೋರ್ಗೇ ಕೆಲ್ಸ ಕೊಡ್ತಾರೆ. ಸಾಯಂಕಾಲ ಎರಡು ಗಂಟೆ ಲೈಬ್ರರೀಲಿ ಕೂತ್ಕಂಡು ಪುಸ್ತಕ ಕೊಡೋದು, ಇಸ್ಕಳೋದು. ದುಡ್ಡು ಕೊಡ್ತಾರೆ. ಅದು ಸಿಕ್ರೆ ಮೆಸ್ ಬಿಲ್ ಆಯ್ತದೆ."

"ಮತ್ತೆ ಸೇರ್ಕಳೇ."

"ಒಂದೇ ಸೀಟಿರೋದು. ಅರ್ಜಿ ಹಾಕ್ಬೇಕು. ಇನ್ನೊಂಥರ ಕೆಲ್ಸಾನೂ ಐತೆ, ವಾಲಂಟೀರು ಅಂತ. ಹೊಸ್ದಾಗಿ ಬಂದೋರ್ಗೆ ದಾರಿ ತೋರ್ಸೋದು, ಫಂಕ್ಷನ್ನಲ್ಲಿ ಕುರ್ಚಿ ಹಾಕ್ಸೋದು. ಅದಕ್ಕೆ ದುಡ್ಡಿಲ್ಲ."

"ದುಡ್ಡಿಲ್ದಿದ್ರೆ ಯಾರೇ ಹೋಯ್ತಾರೆ?"

"ತುಂಬಾ ಜನ ಹೋಯ್ತಾರೆ. ಅದಕ್ಕೂ ಅರ್ಜಿ, ಅದಕ್ಕೂ ಇಂಟರ್‌ವ್ಯೂ."

"ಪುಕ್ಕಟೆ ಮಾಡಾಕೂ ಇಂಟರ್‌ವ್ಯೂನಾ?"

"ಹೂಂ. ಎಲ್ರಿಗೂ ಸಿಗಲ್ಲ."

"ಸಿಗ್ದೋರು ಏನ್ ಮಾಡ್ತಾರೆ?"

"ಬೇಜಾರ್ ಮಾಡ್ಕಂತಾರೆ."

ನನ್ನ ತಲೆ ತಿರುಗಿತು. ಮದುವೆ ಮನೆಯಲ್ಲಿ ನಾಲ್ಕು ಪಾತ್ರೆ ತೊಳೆಯಲು ಪುಕ್ಕಟೆ ಜನ ಬೇಕೆಂದು ಬೀದಿಯುದ್ದಕ್ಕೂ ಕೂಗಿದರೂ ಒಂದು ನರಪಿಳ್ಳೆ ಈಚೆಗೆ ಬರುವುದಿಲ್ಲ. ಅಲ್ಲಿ ಪುಕ್ಕಟೆ ಕೆಲಸಕ್ಕೆ ಸಾಲು ನಿಂತು, ಸಿಗದಿದ್ದರೆ ಬೇಜಾರಂತೆ! ಓದಿದವರ ಲೋಕವೇ ಬೇರೆ ಎಂದುಕೊಂಡು ಸುಮ್ಮನಾದೆ. ಅಷ್ಟಕ್ಕೇ ಸುಮ್ಮನಾಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶಿರೀಷಳೂ ಅಷ್ಟರಲ್ಲಿ ಒಂದು ಪುಕ್ಕಟೆ ಕೆಲಸಕ್ಕೆ ಸಿಕ್ಕಿಬಿದ್ದಿದ್ದಳು. ಯೂನಿವರ್ಸಿಟಿಯವರದೇ ಹತ್ತು ದಿನದ ಸೇವಾ ಕ್ಯಾಂಪು. ಕಲ್ಯಾಣದುರ್ಗದಿಂದ ಆಚೆ, ಸೆಟ್ಟೂರಿನ ಕಡೆ ಒಂದು ಹಳ್ಳಿ. ಶಾಲೆಗೆ ಸುಣ್ಣ ಬಳಿಯುವುದು, ಗಿಡ ನೆಡುವುದು. ಮನೆಯಲ್ಲಿ ಒಂದು ಚೊಂಬು ನೀರು ತುಳಸಿಗೆ ಹಾಕು ಎಂದರೆ "ಓದ್ಕಬೇಕು ಅಜ್ಜಿ" ಎನ್ನುವ ಹುಡುಗಿ!

ಸೋಮವಾರ ಮಧ್ಯಾಹ್ನ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದಳು. ಕ್ಯಾಂಪಿಗೆ ದಿನಸಿ ಕೊಳ್ಳಲು ಬಂದಿದ್ದಳಂತೆ.

"ಅಜ್ಜಿ, ಆ ಹಳ್ಳೀಲಿ ಸಿಗ್ನಲ್ಲೇ ಇಲ್ಲ. ನನ್ ಫೋನಲ್ಲಿ ಚಾರ್ಜೂ ಇಲ್ಲ. ಲೈಬ್ರರಿ ಅರ್ಜಿಗೆ ಇವತ್ ಐದು ಗಂಟೆಗೆ ಕೊನೆ. ಲಿಂಕ್ ನಿನ್ ಫೋನಿಗೆ ಕಳ್ಸಿದೀನಿ. ಅಪ್ಪನ ಕೈಲಿ ತುಂಬ್ಸು. ನನ್ ನೀಲಿ ಫೈಲಲ್ಲಿ ಎಲ್ಲಾ ಐತೆ. ಅಪ್ಪನ ಕೈಲೇ ಅಜ್ಜಿ. ಸರೀನಾ? ಅಪ್..."

ಫೋನು ಸತ್ತಿತು.

ಅಪ್ಪನ ಫೋನು ಒತ್ತುವ ಗುಂಡಿಯದು. ಅಪ್ಪ ಬರುವುದು ಸಂಜೆ ಆರಕ್ಕೆ. ಸೊಸೆ ತವರಿಗೆ ಹೋಗಿದ್ದಾಳೆ. ಮನೆಯಲ್ಲಿ ಟೈಪು ಬಲ್ಲ ವ್ಯಕ್ತಿ ಒಬ್ಬರೇ. ಆ ವ್ಯಕ್ತಿ ಕನ್ನಡಕ ಒರೆಸಿಕೊಂಡು, ನೀಲಿ ಫೈಲು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮನೆ ಪದ್ಮಳನ್ನು ಸಾಕ್ಷಿಗೆ ಕೂಗಿದಳು. ಪದ್ಮ ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು, ಮನೆಮಾತು ತೆಲುಗು, ಬಾಯಿಗೆ ಯಾವ ಭಾಷೆ ಮೊದಲು ಬಂದರೆ ಅದರಲ್ಲೇ ಮಾತಾಡುತ್ತಾಳೆ.

ಅರ್ಜಿ ತೆರೆಯಿತು. ಇಂಗ್ಲಿಷಿನ ಕೆಳಗೆ ತೆಲುಗಿನಲ್ಲೂ ಬರೆದಿದ್ದರು, ಪುಣ್ಯಾತ್ಮರು. ಮೊದಲ ಪ್ರಶ್ನೆ, ಅರ್ಜಿದಾರರ ಹೆಸರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ನಮ್ಮದು ನೇಯುವವರ ಮನೆ. ಮಗ್ಗಕ್ಕೆ ಯಾರೇ ಕೂತು ನೇಯಲಿ, ಕೂಲಿ ಕೊಡುವ ಸಾಹುಕಾರರ ಲೆಕ್ಕದ ಪುಸ್ತಕದಲ್ಲಿ ಇರುವುದು ಮನೆಯ ಹಿರಿಯರ ಹೆಸರು. ನಾನು ಮದುವೆಯಾಗಿ ಬಂದು ಇಪ್ಪತ್ತು ವರ್ಷ ನೇಯ್ದ ಸೀರೆಗಳೆಲ್ಲ ನಮ್ಮತ್ತೆ ಹೆಸರಿನಲ್ಲಿ ಹೋದವು. ಅತ್ತೆ ಹೋದ ಮೇಲೆ ಮಗ ನೇಯ್ದದ್ದು, ಸೊಸೆ ನೇಯ್ದದ್ದು ಎಲ್ಲ ನನ್ನ ಹೆಸರಿನಲ್ಲಿ. ಕೆಲಸ ಕೇಳುವ ಕಡೆ ಹಿರಿಯರು ಬದುಕಿರುವಾಗಲೇ ಚಿಕ್ಕವರ ಹೆಸರು ಮುಂದೆ ಮಾಡುವುದು ಮರ್ಯಾದೆಯೇ? "ಹಿರಿಯರಿಲ್ಲದ ಮನೆ" ಎಂದುಕೊಳ್ಳುವುದಿಲ್ಲವೇ?

ಒಂದೊಂದೇ ಅಕ್ಷರ ಒತ್ತಿದೆ. ಸ, ರೋ, ಜ, ಮ್ಮ.

"ಫೋಟೋ ಅಡುಗುತಾಂಡಾರು ಅಕ್ಕಾ, ಫೋಟೋ ಕೇಳ್ತಾವ್ರೆ," ಅಂದಳು ಪದ್ಮ.

ಹೆಸರು ನನ್ನದಾದ ಮೇಲೆ ಮುಖ ಬೇರೆಯವರದು ಹಾಕುವುದು ಮೋಸ. ಹಾಗಾಗಿ ಕುಂಕುಮ ತಿದ್ದಿಕೊಂಡು ಕೂತೆ. ಪದ್ಮ ಮೂರು ಸಲ ತೆಗೆದಳು. ಒಂದರಲ್ಲಿ ಅವಳ ಹೆಬ್ಬೆರಳು ಬಂತು. ಇನ್ನೊಂದರಲ್ಲಿ ಫ್ಯಾನು ಬಂತು. ಮೂರನೆಯದರಲ್ಲಿ ಅರ್ಧ ನಾನು, ಅರ್ಧ ಮಗ್ಗ. ಅದನ್ನೇ ಹಾಕಿದೆವು.

ರೋಲ್ ನಂಬರು ಕೇಳಿತು. ಫೈಲು ನೋಡಿ ಶಿರೀಷಳದು ಹಾಕಿದೆ. ಕೆಲಸ ಮಾಡುವವಳು ಅವಳೇ ತಾನೇ!

ಹುಟ್ಟಿದ ದಿನ ಕೇಳಿತು. ಒತ್ತಿದರೆ ವರ್ಷಗಳ ಚಕ್ರ ಬಂತು. ಬೆರಳಲ್ಲಿ ತಳ್ಳಿದರೆ ಉರುಳುತ್ತದೆ. ತಳ್ಳಿದೆ, ತಳ್ಳಿದೆ, ರಾಟೆ ತಿರುಗಿಸಿದ ಹಾಗೆ ತಳ್ಳಿದೆ. ನಾನು ಹುಟ್ಟಿದ ವರ್ಷ ಎಷ್ಟು ದೂರ ಇದೆಯೆಂದು ಅವತ್ತೇ ಗೊತ್ತಾದದ್ದು. ಹೆಬ್ಬೆರಳು ಸೋತಿತು.

"ವದಿಲೈ ಅಕ್ಕಾ, ಬಿಟ್ಬುಡು, ಎಲ್ಲಿ ನಿಲ್ತದೋ ಅಲ್ಲೇ ಒತ್ತು. ವಯಸ್ಸು ಯಾರ್ ನೋಡ್ತಾರೆ?"

ನಿಂತಲ್ಲೇ ಒತ್ತಿದೆ.

ಅನುಭವ ಎಷ್ಟು? "ಐವತ್ತು ವರ್ಷ." ನಿಮ್ಮ ಶಕ್ತಿ ಏನು? "ಕಿತ್ತು ಹೋದ ಎಳೆ ಗುರುತು ಕಾಣದಂತೆ ಕೂಡಿಸುತ್ತೇನೆ." ನಿಮ್ಮ ದೌರ್ಬಲ್ಯ ಏನು? "ಮೊಣಕಾಲು." ವಾರದಲ್ಲಿ ಯಾವ ಹೊತ್ತು ಬಿಡುವಾಗಿರುತ್ತೀರಿ? "ಮಧ್ಯಾಹ್ನದ ನಿದ್ದೆ ಬಿಟ್ಟು ಉಳಿದ ಹೊತ್ತು." ಮನೆಯ ಹಿರಿಯಳಾಗಿ ಎಲ್ಲಕ್ಕೂ ಸತ್ಯವನ್ನೇ ಬರೆದೆ.

ಕೊನೆಯ ಪ್ರಶ್ನೆ ಬಂತು. ನೀವು ಅರ್ಜಿ ಹಾಕುತ್ತಿರುವುದು ಸಂಬಳದ ಕೆಲಸಕ್ಕೋ, ವಾಲಂಟೀರ್ ಕೆಲಸಕ್ಕೋ? ಎರಡು ಗುಂಡಿ. ಒಂದನ್ನೇ ಒತ್ತಬೇಕು.

"ಸಂಬಳ್ದು ಒತ್ತಕ್ಕ," ಅಂದಳು ಪದ್ಮ.

"ನಿಂಗೇನ್ ಗೊತ್ತು ಸುಮ್ನಿರೇ!" ಎಂದೆ.

ನಮ್ಮಲ್ಲಿ ಹೊಸ ಕೈ ಮಗ್ಗಕ್ಕೆ ಕೂತರೆ ಮೊದಲ ಸೀರೆಗೆ ಕೂಲಿ ಬಾಯಿಬಿಟ್ಟು ಕೇಳುವುದಿಲ್ಲ. ನೇಯ್ದು ಒಯ್ದು ಮುಂದಿಡಬೇಕು. ಸಾಹುಕಾರರು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚು ಸವರಿ, ಅವರಾಗಿಯೇ ಕೂಲಿ ಹೇಳಬೇಕು. ಮೊದಲೇ ಕೇಳಿದವರನ್ನು "ಇವಳ ಕೈಗಿಂತ ಬಾಯಿ ಉದ್ದ" ಎಂದು ಆಡಿಕೊಳ್ಳುತ್ತಾರೆ. ನಮ್ಮ ಹುಡುಗಿ ಮೊದಲ ಸಲ ಕೆಲಸ ಕೇಳುತ್ತಿದ್ದಾಳೆ. ಬಾಗಿಲಲ್ಲೇ ದುಡ್ಡು ದುಡ್ಡು ಎಂದರೆ ಹೇಗೆ? ಮೊದಲು ಕೈ ತೋರಿಸಲಿ. ಕೂಲಿ ತಾನಾಗಿ ಬರುತ್ತದೆ.

ವಾಲಂಟೀರ್ ಗುಂಡಿ ಒತ್ತಿದೆ.

ಹಸಿರು ಗುರುತು ಬಂತು. "ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ." ಗಂಟೆ ನಾಲ್ಕೂವರೆ! ಸಂತೋಷ ತಡೆಯಲಾಗದೆ ಹುರಿಗಡಲೆ ಬೆಲ್ಲ ತಟ್ಟೆಗೆ ಹಾಕಿ ಪದ್ಮಳ ಕೈಲಿ ಬೀದಿಗೆಲ್ಲ ಹಂಚಿಸಿದೆ. ಮೊದಲ ಮನೆಗೆ ಹೋದಾಗ ಸುದ್ದಿ "ಶಿರೀಷಳಿಗೆ ಅರ್ಜಿ ಹಾಕಿದ್ದಾರೆ" ಎಂದಿತ್ತು. ಕೊನೆಯ ಮನೆ ಮುಟ್ಟುವಾಗ "ಸರೋಜಮ್ಮನಿಗೆ ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕಿತು" ಎಂದಾಗಿತ್ತು.

ಆರು ಗಂಟೆಗೆ ನಾಗರಾಜ ಬಂದ. ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಅಮ್ಮಾ, ಬೀದೀಲಿ ಎಲ್ರೂ ನಿಂಗೇನೋ ಕೆಲ್ಸ ಸಿಕ್ತು ಅಂತಾವ್ರೆ?"

"ನಂಗಲ್ಲ ಕಣ್ಲಾ, ಶಿರೀಷಂಗೆ. ಅರ್ಜಿ ತುಂಬ್ಬುಟ್ಟೆ."

"ನೀನಾ?"

"ಮತ್ತಿನ್ಯಾರು, ನಿನ್ ಗುಂಡಿ ಫೋನು ತುಂಬ್ತದಾ?"

ಅವನು ಮೆಲ್ಲಗೆ ಗಂಟು ಕೆಳಗಿಟ್ಟ.

"ಹೆಸ್ರು ಯಾರ್ದು ಹಾಕ್ದೆ?"

"ನಂದು."

"ಫೋಟೋ?"

"ನಂದೇ."

"ಅವಳ್ದೇನ್ ಹಾಕ್ದೆ?"

"ನಂಬರು."

ನಾಗರಾಜ ಗೋಡೆಗೆ ಒರಗಿದ.

"ಸಂಬಳ?"

"ಬ್ಯಾಡಾಂದೆ."

ನಾಗರಾಜ ಗೋಡೆಗುಂಟ ಜಾರಿ ನೆಲಕ್ಕೆ ಕೂತ.

"ಅಮ್ಮಾ! ಅದು ಸಾಹುಕಾರ್ರ ಪುಸ್ತಕ ಅಲ್ಲಮ್ಮಾ, ಯೂನಿವರ್ಸಿಟಿ! ಅಲ್ಲಿ ಬ್ಯಾಡಾಂದ್ರೆ ಬ್ಯಾಡಾಂತಲೇ!"

"ಕೈ ನೋಡಿ ಆಮೇಲೆ ಕೊಡಲ್ವಾ?"

"ಕೊಡಲ್ಲ!"

ತಕ್ಷಣ ಲಿಂಕು ಮತ್ತೆ ಒತ್ತಿದೆ. "ಅವಧಿ ಮುಗಿದಿದೆ" ಎಂದಿತು. ಇನ್ನೊಂದು ಸಲ ಒತ್ತಿದೆ. ಆಗಲೂ ಮುಗಿದೇ ಇತ್ತು. ಶಿರೀಷಳಿಗೆ ಫೋನು ಹಚ್ಚಿದರೆ "ಅಂದುಬಾಟುಲೋ ಲೇರು," ಸಂಪರ್ಕಕ್ಕೆ ಸಿಗುತ್ತಿಲ್ಲವಂತೆ. ಹುಡುಗಿ ಎಲ್ಲೋ ಸುಣ್ಣ ಬಳಿಯುತ್ತಿದ್ದಾಳೆ, ಅವಳ ಹಾಸ್ಟೆಲಿಗೆ ನಾನಿಲ್ಲಿ ಮಸಿ ಬಳಿದಿದ್ದೇನೆ.

ಬಸ್ಸಿನಲ್ಲಿ ಓಡಾಡು ಎಂದು ಶಾಸನ ಹೊರಡಿಸಿದ್ದ ಮಗನೇ ಈಗ ಮುಖ ಸಣ್ಣದು ಮಾಡಿಕೊಂಡು ಕೂತ. "ಆಸೆ ಪಟ್ಟಿತ್ತು ಮಗು," ಅಂದ. ಆಮೇಲೆ, "ನಾಳೆ ಹಿತ್ಲಲ್ಲಿ ಒಂದ್ ನಿಂಬೆ ಗಿಡ ನೆಡು," ಅಂದ. ರಾತ್ರಿ ಊಟಕ್ಕೆ ಉಪ್ಪಿನಕಾಯಿ ಕೇಳಲು ನನಗೆ ಧೈರ್ಯ ಬರಲಿಲ್ಲ. ಅದೂ ನಿಂಬೆಯದೇ ಇತ್ತು.

ಬುಧವಾರ ಬೆಳಿಗ್ಗೆ ಕಲ್ಯಾಣದುರ್ಗದಿಂದ ಮತ್ತೆ ಶಿರೀಷಳ ಫೋನು ಬಂತು. ಏನು ಹೇಳಲಿ ಎಂದು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಅವಳೇ ಶುರು ಮಾಡಿದಳು.

"ಅಜ್ಜಿ, ಟೆನ್ಷನ್ ಮಾಡ್ಕಬ್ಯಾಡ. ಅವತ್ ಐದು ಗಂಟೆಗೆ ಮುಂಚೆ ಸ್ಕೂಲ್ ಮಾಳಿಗೆ ಮೇಲೆ ಸ್ವಲ್ಪ ಸಿಗ್ನಲ್ ಸಿಕ್ತು. ಫ್ರೆಂಡ್ ಫೋನಲ್ಲಿ ನಾನೇ ಅರ್ಜಿ ತುಂಬ್ದೆ. ಅಪ್ಪಂಗೆ ಲೇಟಾದ್ರೆ ಅಂತ."

ಎದೆಯ ಮೇಲಿಂದ ಮಗ್ಗ ಎತ್ತಿಟ್ಟ ಹಾಗಾಯಿತು! ನಾನು ಹಾಕಿದ್ದು ನೀರಿಗೆ ಹೋಯಿತು, ಅವಳು ಹಾಕಿದ್ದು ನಿಂತಿತು, ಇನ್ನು ನನ್ನ ಘನಕಾರ್ಯ ಯಾರಿಗೂ ಹೇಳಬೇಕಾಗಿಯೇ ಇಲ್ಲ!

"ಒಳ್ಳೇದಾಯ್ತು ಬಿಡು ಮಗಾ. ನಾನಂತೂ ಫೋನ್ ಮುಟ್ಟೇ ಇಲ್ಲ," ಎಂದೆ.

"ಇರಜ್ಜಿ, ಏನೋ ಮೆಸೇಜ್ ಬಂತು." ಅದೇ ಕ್ಷಣಕ್ಕೆ ನನ್ನ ಫೋನೂ ಕಿವಿಯಲ್ಲೇ ಟಿಂಗ್ ಎಂದಿತು.

ಅತ್ತಲಿಂದ ಅವಳು ಓದಿದಳು. "ಈ ರೋಲ್ ನಂಬರಿನ ಮೇಲೆ ಎರಡು ಅರ್ಜಿಗಳು ಬಂದಿವೆ. ಒಂದರಲ್ಲಿ ಹೆಸರು ಶಿರೀಷ, ಇನ್ನೊಂದರಲ್ಲಿ ಸರೋಜಮ್ಮ, ಫೋಟೋಗಳೂ ಬೇರೆ ಬೇರೆ ಇವೆ. ಒಂದು ಸಂಬಳಕ್ಕೆ, ಒಂದು ವಾಲಂಟೀರಿಗೆ. ಎರಡನ್ನೂ ತಡೆಹಿಡಿಯಲಾಗಿದೆ. ಗುರುವಾರ ಹನ್ನೊಂದು ಗಂಟೆಗೆ ಇಬ್ಬರೂ ವಿಡಿಯೋದಲ್ಲಿ ಹಾಜರಾಗಿ ವಿವರಣೆ ಕೊಡಬೇಕು. ಇಲ್ಲದಿದ್ದರೆ ಎರಡೂ ರದ್ದು." ಆಮೇಲೆ ಕೇಳಿದಳು. "ಅಜ್ಜಿ... ಸರೋಜಮ್ಮ ಅಂದ್ರೆ?"

ನಾನು ಏನೂ ಮಾಡದೆ ಮಧ್ಯಾಹ್ನ ಮಲಗಿ ಎದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಎಪ್ಪತ್ತು ವರ್ಷದಲ್ಲಿ ಆ ಒಂದು ದಿನ ನಿದ್ದೆ ಬಿಟ್ಟೆ ನೋಡಿ!

ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದರೂ ಕೇಳಿಸುತ್ತಿರಲಿಲ್ಲ ಬಿಡಿ. "ನಾಳೆ ನಾನು ಸಿಗ್ನಲ್‌ಗೆ ಕಲ್ಯಾಣದುರ್ಗಕ್ಕೆ ಬತ್ತೀನಿ. ನೀನು ಹಿಂದೂಪುರದಿಂದ್ಲೇ ವಿಡಿಯೋಗೆ ಬಾ ಅಜ್ಜಿ," ಅಂದಳು.

"ಮಗು ಒಂದೂರಲ್ಲಿ, ಹಿರಿಯೋರು ಒಂದೂರಲ್ಲಿ ಕೂತ್ಕಂಡು ಕೆಲ್ಸದ್ ಮಾತಾಡೋದಾ? ನಾನೇ ಬತ್ತೀನಿ."

"ಅಜ್ಜಿ, ಬ್ಯಾಡ..."

ಈ ಮಾತು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಕೇಳಿಸಲಿಲ್ಲ ಎಂದು ಫೋನಿಟ್ಟೆ.

ಗುರುವಾರ ಕತ್ತಲಿದ್ದಾಗಲೇ ಎದ್ದು, ಚೀಲಕ್ಕೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಅರ್ಧ ಡಜನ್ ಬಾಳೆಹಣ್ಣು ಹಾಕಿಕೊಂಡೆ. ಕೆಲಸದ ಮಾತಿಗೆ ಬರಿಗೈಯಲ್ಲಿ ಹೋಗಬಾರದು.

"ವಿಡಿಯೋದಲ್ಲಿ ತೆಂಗಿನ್ಕಾಯಿ ಹೆಂಗ್ ಕೊಡ್ತೀಯಮ್ಮಾ?" ಅಂದ ನಾಗರಾಜ.

"ತೋರಿಸ್ತೀನಿ. ಮರ್ಯಾದೆ ಕಾಣ್ಸಿದ್ರೆ ಸಾಕು."

ಅವನು ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟು ಬಸ್ಸು ಹತ್ತಿಸಿದ. ನನಗ್ಯಾಕೆ ನಿಂಬೆಹಣ್ಣು ಎಂದು ನಕ್ಕೆ. ಎರಡು ಬಸ್ಸು ಬದಲಾಯಿಸಬೇಕು. ಎರಡನೇ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ರಸ್ತೆ ಅಗೆದಿದ್ದರು. ಅರ್ಧ ದಾರಿಗೆ ಹೊಟ್ಟೆಯೊಳಗೆ ಯಾರೋ ಲಾಳಿ ಎಸೆದಂತೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಿಂಬೆಹಣ್ಣು ಮೂಸಿದೆ, ಕಚ್ಚಿದೆ, ಸಿಪ್ಪೆ ಸಮೇತ ತಿಂದೆ. ಇದನ್ನು ಆ ಮಗು ದಿನಾ, ಎರಡು ಹೊತ್ತು, ವರ್ಷಪೂರ್ತಿ! ಕಿಟಕಿಗೆ ತಲೆಯಾನಿಸಿ, ಇವತ್ತು ಏನಾದರೂ ಆಗಲಿ, ಈ ಕೆಲಸ ಅವಳಿಗೆ ಕೊಡಿಸಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ.

ನನ್ನ ಶಪಥಗಳಿಂದ ಆ ವಾರ ಯಾರಿಗೂ ಒಳ್ಳೆಯದಾಗಿರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಎದುರು ಒಂದು ಟಿಫನ್ ಹೋಟೆಲು. ಶಿರೀಷ ಮೂಲೆಯ ಟೇಬಲ್ಲು ಹಿಡಿದು ಕಾಯುತ್ತಿದ್ದಳು. ಕೂದಲಿಗೆಲ್ಲ ಸುಣ್ಣ. ನನ್ನ ಚೀಲದಿಂದ ತೆಂಗಿನಕಾಯಿ ಹೊರಬಂದದ್ದು ನೋಡಿ ಕಣ್ಣು ಮುಚ್ಚಿಕೊಂಡಳು. ಹೋಟೆಲಿನವನಿಗೆ ವಿಷಯ ಹೇಳಿದೆ.

"ಇಂಟರ್‌ವ್ಯೂನಾ? ಎವರಿಕಮ್ಮಾ, ಪಾಪಕಾ?" ಯಾರಿಗೆ, ಹುಡುಗಿಗಾ ಎಂದು ಕೇಳಿದ.

"ಇದ್ದರಿಕೀ," ಎಂದೆ. ಇಬ್ಬರಿಗೂ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಭಯಭಕ್ತಿಯಿಂದ ಹಿಟ್ಟು ರುಬ್ಬುವ ಗ್ರೈಂಡರು ನಿಲ್ಲಿಸಿದ. ದೋಸೆ ತಿನ್ನುತ್ತಿದ್ದ ನಾಲ್ಕೈದು ಜನ ನಮ್ಮ ಕಡೆಗೇ ತಿರುಗಿ ಕೂತರು.

ಹನ್ನೊಂದಕ್ಕೆ ಸರಿಯಾಗಿ ಫೋನಿನಲ್ಲಿ ಎರಡು ಮುಖ ಮೂಡಿದವು. ಒಬ್ಬರು ವಿದ್ಯಾರ್ಥಿಗಳ ಕೆಲಸದ ವಿಭಾಗದ ಮೇಡಂ. ಇನ್ನೊಬ್ಬರು ಲೈಬ್ರರಿ ಸಾರ್, ನಮ್ಮ ಗಡಿ ಕಡೆಯವರೇ, ಕನ್ನಡ ಬರುತ್ತದೆ. ನಾನು ತಾಂಬೂಲದ ತಟ್ಟೆ ಎತ್ತಿ ಹಿಡಿದೆ. ಎರಡು ನಿಮಿಷ ಅವರಿಗೆ ತೆಂಗಿನಕಾಯಿ ಬಿಟ್ಟು ಬೇರೇನೂ ಕಾಣಿಸಲಿಲ್ಲವಂತೆ.

"ಇವರಲ್ಲಿ ಸರೋಜಮ್ಮ ಯಾರು?" ಮೇಡಂ ತೆಲುಗಿನಲ್ಲಿ ಕೇಳಿದರು.

"ನಾನೇ ಕಣಮ್ಮ."

ಮೇಡಂ ಕಾಗದ ನೋಡಿದರು, ನನ್ನ ಮುಖ ನೋಡಿದರು. "ಇಲ್ಲಿ ನಿಮ್ಮ ವಯಸ್ಸು ಹದಿಮೂರು ಎಂದಿದೆ."

ದೋಸೆ ತಿನ್ನುತ್ತಿದ್ದವನೊಬ್ಬನಿಗೆ ನೆತ್ತಿಗೇರಿತು.

"ಚಕ್ರ ಅಲ್ಲಿ ನಿಂತ್ಬುಡ್ತು," ಎಂದೆ.

"ಹದಿಮೂರು ವರ್ಷದವರಿಗೆ ಐವತ್ತು ವರ್ಷದ ಅನುಭವ?"

ಲೈಬ್ರರಿ ಸಾರ್ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ನಾನು ಬಿಡಲಿಲ್ಲ. ಮಗ್ಗ, ಸಾಹುಕಾರರ ಪುಸ್ತಕ, ಹಿರಿಯರ ಹೆಸರು, ಮೊದಲ ಸೀರೆ, ಬಾಯಿಬಿಟ್ಟು ಕೇಳದ ಕೂಲಿ, ಎಲ್ಲ ವಿವರವಾಗಿ ಹೇಳಿದೆ. "ಅಪರಾಧ ನಂದು. ಮಗೂಂದೇನೂ ಇಲ್ಲ. ನಂದು ಹರ್ದಾಕ್ಬುಟ್ಟು ಅವಳ್ದು ಇಟ್ಕಳಿ," ಎಂದು ಕೈ ಮುಗಿದೆ.

"ಸರಿ ಅಮ್ಮಾ, ಅರ್ಥವಾಯಿತು. ನಿಮ್ಮ ಅರ್ಜಿ ಪಕ್ಕಕ್ಕಿಡುತ್ತೇವೆ," ಅಂದರು ಮೇಡಂ. "ಈಗ ಶಿರೀಷ ಹೇಳಲಿ. ಶಿರೀಷ, ಈ ಕೆಲಸ ನಿನಗೆ ಯಾಕೆ ಬೇಕು?"

ಶಿರೀಷಳ ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ.

"ಬಸ್ಸಲ್ಲಿ ವಾಂತಿ ಆಯ್ತದೆ ಮೇಡಂ," ಎಂದೆ ನಾನು.

"ಅವಳು ಹೇಳಲಿ ಅಮ್ಮಾ. ಶಿರೀಷ, ಪುಸ್ತಕ ಹರಿದು ತಂದುಕೊಟ್ಟರೆ ಏನು ಮಾಡ್ತೀಯ?"

"ಹೊಲಿತಾಳೆ! ನಾನೇ ಹೇಳ್ಕೊಟ್ಟಿದೀನಿ."

"ಅಮ್ಮಾ, ದಯವಿಟ್ಟು. ಶಿರೀಷ, ನಿನಗೆ ಕಷ್ಟ ಎನಿಸುವ ವಿಷಯ..."

"ಮಾತು! ಮಾತೇ ಆಡಲ್ಲ. ಚಿಕ್ಕೋಳಿದ್ದಾಗ ಒಂದ್ಸಲ ಪರಿಗಿ ಬಸ್ಸಲ್ಲಿ..."

"ಅಜ್ಜೀ!"

ಹೋಟೆಲು ಅಲುಗಿತು. ಯಾರು ಕೂಗಿದ್ದು ಎಂದು ನಾನೂ ಸುತ್ತ ನೋಡಿದೆ. ಶಿರೀಷ ಎದ್ದು ನಿಂತಿದ್ದಳು! ಮುಖ ಕೆಂಪಗೆ.

"ಬಾಯ್ ಮುಚ್ಕಂಡು ಕೂತ್ಕ ಅಜ್ಜಿ! ಇನ್ನೊಂದ್ ಮಾತಾಡಿದ್ರೆ ಈಚೆ ಕಳಿಸ್ತೀನಿ! ಇದು ನನ್ ಕೆಲ್ಸ, ನಾನ್ ಮಾತಾಡ್ತೀನಿ!"

ನಾನು ಕೂತೆ. ದೋಸೆಯವರೂ ನೆಟ್ಟಗೆ ಕೂತರು. ಹೋಟೆಲಿನವನು ಕೈಯಲ್ಲಿದ್ದ ಸೌಟು ಸದ್ದಾಗದಂತೆ ಕೆಳಗಿಟ್ಟ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹಗಲು ಹನ್ನೊಂದಕ್ಕೆ ಅಂಥ ನಿಶ್ಶಬ್ದ ಅಲ್ಲಿಯವರು ಕಂಡಿರಲಿಕ್ಕಿಲ್ಲ.

ಆಮೇಲೆ ತಾನೇನು ಮಾಡಿದೆ ಎಂದು ಅವಳಿಗೆ ಹೊಳೆಯಿತು. ಕೈ ಬಾಯಿಗೆ ಹೋಯಿತು, ಕಣ್ಣಲ್ಲಿ ನೀರು ನಿಂತಿತು. "ಸಾರಿ ಮೇಡಂ," ಅಂದಳು, ಮತ್ತೆ ಹಳೇ ಪಿಸುಮಾತಿನಲ್ಲಿ. ಹೋಯಿತು ಸೀಟು ಎಂದುಕೊಂಡೆ. ಹಿಂದಿನ ಸೀಟಿನಲ್ಲಿ ನಿಂಬೆಹಣ್ಣು ಹಿಡಿದು ಕೂತ ಮೊಮ್ಮಗಳು ಕಣ್ಣಿಗೆ ಕಟ್ಟಿದಳು.

ಲೈಬ್ರರಿ ಸಾರ್ ಕರವಸ್ತ್ರ ಕೆಳಗಿಳಿಸಿದರು.

"ಮೇಡಂ, ಲೈಬ್ರರಿಯಲ್ಲಿ ಇರೋ ದೊಡ್ಡ ಕೆಲಸ ಇದೊಂದೇ," ಎಂದರು. "ಇಷ್ಟು ವರ್ಷದಿಂದ ಹುಡುಗರಿಗೆ ಸದ್ದು ಮಾಡಬೇಡಿ ಅಂತ ಹೇಳ್ತಾ ಇದ್ದೀನಿ, ಒಬ್ಬರೂ ಕೇಳಲ್ಲ. ಈ ಹುಡುಗಿ ಒಂದೇ ಮಾತಿಗೆ ಆ ಅಜ್ಜಿಯನ್ನು ನಿಲ್ಲಿಸಿದಳಲ್ಲ! ಹೋಟೆಲಿಗೆ ಹೋಟೆಲೇ ಸುಮ್ಮನಾಯಿತು. ನನಗೆ ಇವಳು ಬೇಕು."

ಮೇಡಂ ನಕ್ಕರು. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಶಿರೀಷ ಉತ್ತರ ಹೇಳಿದಳು. ಮೆಲ್ಲಗೆ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು. ನಾನು ಅಷ್ಟು ಹೊತ್ತೂ ಒಂದು ಇಡೀ ಬಾಳೆಹಣ್ಣು ಬಾಯಲ್ಲಿಟ್ಟುಕೊಂಡು ಕೂತಿದ್ದೆ. ಬೇರೆ ದಾರಿ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ನಾನು ಹಿಂದೂಪುರಕ್ಕೆ ಬಂದು ಇಳಿಯುವ ಹೊತ್ತಿಗೆ ಸುದ್ದಿ ಬಂದಿತ್ತು. ಲೈಬ್ರರಿ ಸೀಟು ಶಿರೀಷಳದೇ. ಮೊದಲ ಎರಡು ವಾರ ಕೆಲಸ ಕಲಿಯುವುದು, ಆಗ ಸಂಬಳವಿಲ್ಲ. ಮೂರನೇ ವಾರದಿಂದ ಸಂಬಳ.

"ನೋಡ್ದೇನ್ಲಾ ನಾಗ?" ಎಂದು ನಾನು ಎದೆ ಸೆಟೆಸಿ ಮಗನನ್ನು ಕೇಳಿದೆ. "ಮೊದ್ಲು ಕೈ ತೋರಿಸ್ಬೇಕು, ಆಮೇಲೆ ಕೂಲಿ. ನಾನ್ ಒತ್ತಿದ್ ಗುಂಡೀಲಿ ತಪ್ಪೇನಿತ್ತು?"

ನಾಗರಾಜ ಬಾಯಿ ತೆರೆಯುವ ಮೊದಲೇ ನನ್ನ ಫೋನು ಟಿಂಗ್ ಎಂದಿತು. ಮೆಸೇಜು ನನ್ನ ಹೆಸರಿಗೇ ಬಂದಿತ್ತು. ಗೌರವದಿಂದ ಗಟ್ಟಿಯಾಗಿ ಓದಿದೆ.

"ಸರೋಜಮ್ಮ ಅವರೇ, ವಾಲಂಟೀರ್ ಕೆಲಸಕ್ಕೆ ಅರ್ಜಿ ಸಲ್ಲಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಮುಂದಿನ ಬಾರಿ ಪ್ರಯತ್ನಿಸಿ."

ನಾಗರಾಜ ಎದ್ದು ಹಿತ್ತಲಿಗೆ ಹೋದ. ಅಲ್ಲಿಂದ ಅವನು ನಗುವ ಸದ್ದು ಬಹಳ ಹೊತ್ತು ಕೇಳಿಸಿತು.

ಜೀವಮಾನದಲ್ಲಿ ಹಾಕಿದ್ದು ಒಂದೇ ಅರ್ಜಿ. ಅದೂ ಪುಕ್ಕಟೆ ಮಾಡುತ್ತೇನೆ ಎಂದು. ಅದನ್ನೂ ಬೇಡವೆಂದರು! ಶಿರೀಷ ಹೇಳಿದ್ದು ಈಗ ಅರ್ಥವಾಯಿತು. ಬೇಜಾರಾಗುತ್ತದೆ. ನಿಜವಾಗಿಯೂ ಆಗುತ್ತದೆ.

ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಪದ್ಮ ಬಂದಳು. ಅವಳ ಹಿಂದೆ ಹುರಿಗಡಲೆ ಬೆಲ್ಲ ತಿಂದಿದ್ದ ನಾಲ್ಕು ಮನೆಯವರು.

"ಏಮಾಯೆ ಅಕ್ಕಾ, ಏನಾಯ್ತು ನಿನ್ ಕೆಲ್ಸ? ಯಾವತ್ತಿಂದ ಹೋಯ್ತೀಯ?"

ಇಷ್ಟು ಜನರ ಎದುರು ತಿರಸ್ಕಾರದ ಮಾತು ಬಾಯಿಗೆ ಬರಲಿಲ್ಲ. ಚೊಂಬು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದೆ.

"ಸಂಬಳ ಕಮ್ಮಿ ಆಯ್ತು ಕಣೇ ಪದ್ಮ. ನಾನೇ ಬ್ಯಾಡಾಂದೆ."

ಪದ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅದು ಪುಕ್ಕಟೆ ಕೆಲ್ಸ ಅಲ್ವಾ ಅಕ್ಕಾ? ಗುಂಡಿ ಒತ್ತೋವಾಗ ನಾನ್ ಪಕ್ಕದಲ್ಲೇ ಇದ್ನಲ್ಲ?"

ಸಾಕ್ಷಿಗೆ ಕೂಗಿ ಕೂರಿಸಿಕೊಂಡವಳು ನಾನೇ. ಚೊಂಬು ಎತ್ತಿಕೊಂಡು ಒಳಗೆ ಹೋದೆ.